ಅಬ್ನೋಬಾಗೆ ಮೊಸರನ್ನದ ಬುತ್ತಿ

ತೊಂಬತ್ತರ ದಶಕದಲ್ಲಿ ಅಮೆರಿಕದ ಎಲಿಕಾಟ್ ಸಿಟಿಯ ಕನ್ನಡದ ಮನೆಗಳಲ್ಲಿ ದೇವರ ಪಟದ ಗಾಜು ಒಡೆದರೆ ಯಾರೂ ಅಷ್ಟಾಗಿ ಗಾಬರಿಯಾಗುತ್ತಿರಲಿಲ್ಲ. ‘ರೇಣು ಆಂಟಿಗೆ ಕೊಟ್ಟರಾಯಿತು’ ಎನ್ನುತ್ತಿದ್ದರು.

ಹಳೆಯ ಸೋಫಾ, ಕೆಟ್ಟುಹೋದ ಟಿ.ವಿ., ಮಗು ಬೆಳೆದ ಮೇಲೆ ಬೇಡವಾದ ತೊಟ್ಟಿಲು, ಇವನ್ನೆಲ್ಲ ರಸ್ತೆಯ ಬದಿಗೆ ಇಟ್ಟು ತಿರುಗಿ ನೋಡದೆ ಒಳಗೆ ಬರುವುದನ್ನು ಆ ಜನ ಆಗಲೇ ಕಲಿತಿದ್ದರು. ಆದರೆ ಕಿವಿ ಮುಕ್ಕಾದ ಗಣಪನನ್ನು ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಲು ಯಾರಿಗೂ ಕೈ ಬರುತ್ತಿರಲಿಲ್ಲ. ಇಟ್ಟುಕೊಳ್ಳುವಂತೆಯೂ ಇಲ್ಲ. ಭಿನ್ನವಾದ ಮೂರ್ತಿ ಮನೆಯಲ್ಲಿರಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ಎಲ್ಲರೂ ಚಿಕ್ಕಂದಿನಿಂದ ಕೇಳಿದವರೇ. ಈ ದೇಶದಲ್ಲಿ ಹರಿಯುವ ನೀರು ಎಲ್ಲಿದೆ, ಬಿಟ್ಟರೆ ಪೊಲೀಸರು ಹಿಡಿಯುತ್ತಾರೋ ಏನೋ, ಅದು ಮಾತ್ರ ಗೊತ್ತಿರಲಿಲ್ಲ. ರೇಣುಕಾದೇವಿಗೆ ಗೊತ್ತಿತ್ತು. ಅವರ ಮನೆಯ ಹಿಂದಿನ ಇಳಿಜಾರು ಇಳಿದು, ಗೂಡ್ಸ್ ರೈಲಿನ ಹಳಿ ದಾಟಿ ಹತ್ತು ನಿಮಿಷ ನಡೆದರೆ ಪಟಾಪ್ಸ್ಕೋ ನದಿ.

ಮೊದಲು ಬಂದದ್ದು ಪಕ್ಕದ ಊರು ಕೊಲಂಬಿಯಾದ ಶ್ರೀಲತಾ ಮನೆಯ ಹಳೆಯ ಕ್ಯಾಲೆಂಡರುಗಳು. ಹನ್ನೆರಡು ತಿಂಗಳಿಗೆ ಹನ್ನೆರಡು ದೇವರು, ಹೀಗೆ ನಾಲ್ಕು ವರ್ಷದವು. ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು. ಶಾಲೆಯ ಕೆಫೆಟೀರಿಯಾದಲ್ಲಿ ಕನ್ನಡ ಸಂಘದ ಯುಗಾದಿ ನಡೆದರೆ ಊಟದ ಸಾಲಿನಲ್ಲೇ ಯಾರಾದರೂ ಪಕ್ಕಕ್ಕೆ ಬಂದು, “ಆಂಟಿ, ಕಾರಲ್ಲಿ ಒಂದು ಬಾಕ್ಸ್ ಇದೆ” ಎಂದು ಮೆಲ್ಲಗೆ ಹೇಳುತ್ತಿದ್ದರು. ಜಾರ್ಜಿಯಾದ ಸುವಾನಿಯಿಂದ ರವಿಶಂಕರ್ ಎಂಬವರು ನೆಂಟರ ಮನೆಗೆ ಬಂದಾಗ ಹನ್ನೊಂದು ಗಂಟೆ ಡ್ರೈವ್ ಮಾಡಿಕೊಂಡು ತಲೆ ಒಡೆದ ಸರಸ್ವತಿಯನ್ನು ತಂದಿದ್ದರು. ಎಲ್ಲವೂ ಬಟ್ಟೆ ಒಗೆಯುವ ಯಂತ್ರದ ಮೇಲಿನ ಕಪಾಟಿನಲ್ಲಿ ಕಾಯುತ್ತಿದ್ದವು.

“ನಮ್ಮ ಮನೆ ದೇವರುಗಳ ಏರ್‌ಪೋರ್ಟ್ ಆಗೋಯ್ತು ಕಣೇ,” ಎನ್ನುತ್ತಿದ್ದರು ಗಂಡ ಮುರಳೀಧರ. “ಒಂದು ಬೋರ್ಡ್ ಹಾಕ್ಬಿಡು, ಯಾವ ದೇವರು ಎಷ್ಟು ಹೊತ್ತಿಗೆ ಹೊರಡುತ್ತೆ ಅಂತ.”

“ನಗ್ರಿ ನೀವು. ಅವರಿಗೆ ಯಾರಿದಾರೆ ಇಲ್ಲಿ?”

ಮಗಳು ಊರ್ಮಿಳಾ ಇಲ್ಲೇ ಹುಟ್ಟಿದವಳು, ಹೈಸ್ಕೂಲು ಓದುತ್ತಿದ್ದಳು. ಅವಳ ತಕರಾರೇ ಬೇರೆ. “ಅಮ್ಮಾ, ದಟ್ಸ್ ಲಿಟರಿಂಗ್. ಫೈನ್ ಹಾಕ್ತಾರೆ ನಿಂಗೆ.”

“ದೇವರನ್ನ ಕಸ ಅಂತೀಯೇನೇ?”

“ನಾನಲ್ಲ, ಪಾರ್ಕ್ ರೇಂಜರ್ ಅಂತಾನೆ.”

ಆ ರೇಂಜರ್ ಬರುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ, ರೇಣುಕಾದೇವಿ ನದಿಯ ಬಳಿ ಇರುತ್ತಿದ್ದರು. ಅವರು ನಂಜನಗೂಡಿನವರು, ಕಪಿಲೆಯಲ್ಲಿ ಈಜು ಕಲಿತವರು, ನೀರಿಗೆ ಹೆದರುತ್ತಿರಲಿಲ್ಲ. ಪ್ರತಿಯೊಂದು ಮೂರ್ತಿಗೂ ಅರಿಶಿನ ಕುಂಕುಮ ಇಟ್ಟು, ಹೂವಿದ್ದರೆ ಹೂವು, ಇಲ್ಲದಿದ್ದರೆ ಅಕ್ಷತೆ ಹಾಕಿ, ಒಂದು ಹಿಡಿ ಮೊಸರನ್ನವನ್ನು ಕಾಗದದ ತಟ್ಟೆಯಲ್ಲಿಟ್ಟು ಜೊತೆಗೆ ಬಿಡುತ್ತಿದ್ದರು. ದೂರ ಹೊರಟವರಿಗೆ ಬುತ್ತಿ ಬೇಕಲ್ಲ. ಗೌರಿಯನ್ನು ಬಿಡುವಾಗ ಅವರ ಅಜ್ಜಿ ಹಾಗೆಯೇ ಮಾಡುತ್ತಿದ್ದರು. “ಹೋಗಿ ಬಾರಪ್ಪ” ಎಂದೋ “ಹೋಗಿ ಬಾರಮ್ಮ” ಎಂದೋ ಹೇಳಿ, ತಟ್ಟೆ ನದಿಯ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಮನೆಗೆ ಬಂದು ಕಾಫಿ ಕುಡಿದು ಕೆಲಸಕ್ಕೆ ಹೋಗುತ್ತಿದ್ದರು.

ಕೆಲಸವೆಂದರೆ ಹೊಲಿಗೆ. ರೂಟ್ ನಲವತ್ತರ ಮೇಲೆ ಒಂದು ಡ್ರೈಕ್ಲೀನರ್ ಅಂಗಡಿಯಿತ್ತು. ಅದರ ಹಿಂದಿನ ಕೋಣೆಯಲ್ಲಿ ಹಬೆಯ ವಾಸನೆಯ ನಡುವೆ ಕುಳಿತು ಅವರು ಪ್ಯಾಂಟಿನ ಕಾಲು ಮಡಿಸುತ್ತಿದ್ದರು, ಕೋಟಿಗೆ ಹೊಸ ಲೈನಿಂಗ್ ಕೊಡುತ್ತಿದ್ದರು, ಕಿತ್ತುಹೋದ ಜಿಪ್ ಬದಲಿಸುತ್ತಿದ್ದರು. ಯಂತ್ರದ ಪಕ್ಕದ ಟೇಪ್ ರೆಕಾರ್ಡರಿನಲ್ಲಿ ಊರಿಂದ ತಂದ ಕ್ಯಾಸೆಟ್ಟುಗಳು, ಕೇಳಿ ಕೇಳಿ ಸ್ವರ ಎಳೆದಂತಾಗಿದ್ದವು. ಅವರಿಗೆ ಹಿಲ್ಡಾ ಪರಿಚಯವಾದದ್ದು ಆ ಕೋಣೆಯಲ್ಲಿ.

ಹಿಲ್ಡಾ ಎಪ್ಪತ್ತು ದಾಟಿದ ಜರ್ಮನ್ ಹೆಂಗಸು. ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ ಐವತ್ತರ ದಶಕದಲ್ಲಿ ಬಂದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದು ಹಸಿರು ಉಣ್ಣೆಯ ಕೋಟು ತಂದು, “ಇದರ ಒಳಗಿನ ಬಟ್ಟೆ ಸತ್ತಿದೆ, ಹೊರಗಿನದು ಇನ್ನೂ ನನಗಿಂತ ಗಟ್ಟಿ” ಎಂದರು. ವಿಳಾಸ ಬರೆದುಕೊಳ್ಳುವಾಗ ನೋಡಿದರೆ ರೇಣುಕಾದೇವಿಯ ಹಿತ್ತಲ ಬೇಲಿಯ ಆಚೆಯ ಮನೆ. ಏಳು ವರ್ಷ ಬೇಲಿಯ ಎರಡೂ ಬದಿಯಲ್ಲಿ ಇದ್ದು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ.

ಅಂದಿನಿಂದ ಶನಿವಾರ ಮಧ್ಯಾಹ್ನದ ಕಾಫಿ ಹಿಲ್ಡಾರ ಮನೆಯಲ್ಲಿ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಅದರಿಂದ ಅನುಕೂಲವೇ ಆಗಿತ್ತು, ಯಾರೂ ಅವಸರದಲ್ಲಿ ಮಾತಾಡುತ್ತಿರಲಿಲ್ಲ. ಸಂಘದಲ್ಲಿ ರೇಣುಕಾದೇವಿ ಎಲ್ಲರಿಗೂ ಆಂಟಿ. ಹೆಸರು ಹಿಡಿದು ಕರೆದು, ಎದುರಿಗೆ ಕೂರಿಸಿಕೊಂಡು, “ಈ ವಾರ ಏನಾಯ್ತು ಹೇಳು” ಎಂದು ಕೇಳುವವರು ಹಿಲ್ಡಾ ಒಬ್ಬರೇ. ಈ ದೇಶಕ್ಕೆ ಬಂದ ಹದಿನೇಳು ವರ್ಷದಲ್ಲಿ ಗೆಳತಿ ಎಂದು ಹೇಳಿಕೊಳ್ಳಲು ಅವರಿಗೆ ಇದ್ದದ್ದು ಅದೊಂದು ಮನೆ.

ಆ ಮನೆಯ ಹಿಂದಿನ ಪೋರ್ಚಿನ ಕಿಟಕಿಕಟ್ಟೆಯ ಮೇಲೆ ಒಂದೂವರೆ ಅಡಿಯ ಮರದ ಹೆಣ್ಣು ನಿಂತಿದ್ದಳು. ಮೊಣಕಾಲವರೆಗಿನ ಉಡುಪು, ಬಲಗೈಯಲ್ಲಿ ಬಿಲ್ಲು, ಎಡಗೈ ಒಂದು ಬೇಟೆನಾಯಿಯ ಕುತ್ತಿಗೆಯ ಮೇಲೆ. ನಾಯಿಯ ಕಾಲ ಕೆಳಗೆ ಮೊಲ. ಅವಳ ಪಾದದ ಸುತ್ತ ಅಲೆ ಅಲೆಯಾಗಿ ನೀರಿನ ಗೆರೆಗಳು.

“ಇವರು ಯಾರು?” ರೇಣುಕಾದೇವಿ ಮೊದಲ ದಿನವೇ ಕೇಳಿದ್ದರು.

“ಅಬ್ನೋಬಾ. ನಮ್ಮ ಕಡೆ ದೊಡ್ಡ ಕಾಡಿದೆ, ಬ್ಲಾಕ್ ಫಾರೆಸ್ಟ್. ರೋಮನ್ನರು ಬರೋದಕ್ಕೆ ಮುಂಚೆ ಅಲ್ಲಿ ಕೆಲ್ಟ್ ಜನ ಇದ್ದರು. ಇವಳು ಅವರ ದೇವತೆ. ಕಾಡು ಇವಳದು, ಕಾಡಲ್ಲಿ ಹುಟ್ಟೋ ನದಿ ಇವಳದು, ಬೇಟೆಯೂ ಇವಳದೇ. ಡ್ಯಾನ್ಯೂಬ್ ಇವಳ ಬೆಟ್ಟದಿಂದಲೇ ಇಳಿಯೋದು.”

“ಹಾಗಾದ್ರೆ ನಮ್ಮ ಬನಶಂಕರಿ ಥರ. ಅವಳೂ ಕಾಡಿನವಳೇ. ಪೂಜೆ ಯಾರು ಮಾಡ್ತಾರೆ?”

ಹಿಲ್ಡಾ ನಕ್ಕರು. “ಸಾವಿರದೈನೂರು ವರ್ಷದಿಂದ ಯಾರೂ ಇಲ್ಲ. ನಾನು ಕ್ಯಾಥೊಲಿಕ್, ಭಾನುವಾರ ಚರ್ಚಿಗೆ ಹೋಗ್ತೀನಿ. ಇವಳು ನಮ್ಮಪ್ಪನ ಕೆಲಸ. ಗಡಿಯಾರದ ಪೆಟ್ಟಿಗೆ ಕೆತ್ತೋನು ಅವನು. ಎರಡು ಚಳಿಗಾಲ ಕೂತು ಇವಳನ್ನ ಕೆತ್ತಿದ. ಯುದ್ಧದಲ್ಲಿ ಮನೆ ಹೋಯ್ತು, ಅವನೂ ಹೋದ. ಇವಳು ಉಳಿದಳು, ಅವನ ಉಳಿಗಳು ಉಳಿದವು.”

“ಸಾವಿರದೈನೂರು ವರ್ಷ,” ಎಂದು ರೇಣುಕಾದೇವಿ ಮೆಲ್ಲಗೆ ಅಂದುಕೊಂಡರು. ಮುಂದಿನ ಶನಿವಾರದಿಂದ ಅವರು ಕಾಫಿಗೆ ಹೋಗುವಾಗ ಒಂದು ಹೂವು ತೆಗೆದುಕೊಂಡು ಹೋಗತೊಡಗಿದರು. ಕಿಟಕಿಕಟ್ಟೆಯ ಮೇಲೆ ಇಟ್ಟು ಬಂದು ಕೂರುತ್ತಿದ್ದರು. ಮನೆಯಲ್ಲಿ ಅವಳ ಮಾತು ಬಂದರೆ ‘ಅಬ್ನೋಬಮ್ಮ’ ಎನ್ನುತ್ತಿದ್ದರು.

ತೊಂಬತ್ತಾರರ ಜನವರಿಯಲ್ಲಿ ಆ ಭಾರಿ ಹಿಮ ಬಿತ್ತು. ಭಾನುವಾರ ಬೆಳಿಗ್ಗೆ ನೋಡಿದರೆ ಅಂಚೆಪೆಟ್ಟಿಗೆಗಳ ಕುತ್ತಿಗೆವರೆಗೆ ಬಿಳುಪು. ಶಾಲೆಗಳು ವಾರಗಟ್ಟಲೆ ಮುಚ್ಚಿದವು. ಯಾರ ಮನೆಗೂ ಯಾರೂ ಹೋಗುವಂತಿರಲಿಲ್ಲ, ಫೋನಿನಲ್ಲೇ ಸಾರು ಹುಳಿಯ ವಿಚಾರ ಮಾತಾಡಿ ದಿನ ಕಳೆದರು. ಬುಧವಾರ ಹಿಲ್ಡಾ ಮೆಟ್ಟಿಲ ಮೇಲಿನ ಹಿಮ ತೆಗೆಯಲು ಹೋಗಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಂಬುಲೆನ್ಸಿನವರು ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಅವರು ರೇಣುಕಾದೇವಿಯ ಕೈಗೆ ಬೀಗದ ಕೈ ಕೊಟ್ಟರು.

“ಅಬ್ನೋಬಾನ ನಿನ್ನ ಹತ್ತಿರ ಇಟ್ಕೋ. ಚಳಿಗೆ ನೀರಿನ ಪೈಪ್ ಒಡೆದರೆ ಮನೆಯೆಲ್ಲ ನೀರಾಗುತ್ತೆ. ನಿನ್ನ ಹಿಂದಿನ ಪೋರ್ಚಲ್ಲಿಡು, ತಣ್ಣಗಿರಲಿ.”

“ನಾನು ನೋಡ್ಕೋತೀನಿ. ನೀವು ಮಾತಾಡ್ಬೇಡಿ.”

ರೇಣುಕಾದೇವಿಯ ಪೋರ್ಚಿನಲ್ಲಿ ಹಿಮದ ಬೂಟುಗಳಿದ್ದವು, ಸಲಿಕೆಯಿತ್ತು, ಉಪ್ಪಿನ ಚೀಲವಿತ್ತು. ಕಂಬಳಿಯಲ್ಲಿ ಸುತ್ತಿ ತಂದ ದೇವತೆಯನ್ನು ಎತ್ತಿಕೊಂಡು ಅಲ್ಲಿ ಸ್ವಲ್ಪ ಹೊತ್ತು ನಿಂತರು. ಚಪ್ಪಲಿ ಬಿಡುವ ಜಾಗದಲ್ಲಿ ಇವಳನ್ನು ಹೇಗೆ ಇಡುವುದು? ಒಳಗೆ ನಡೆದರು. ಹಜಾರದಲ್ಲಿ ಕೋಟು ತೂಗುಹಾಕುವ ಕ್ಲಾಸೆಟ್ಟಿನ ಬಾಗಿಲು ತೆಗೆಸಿ ಮಾಡಿಕೊಂಡಿದ್ದ ದೇವರ ಮನೆಯಲ್ಲಿ, ನೆಲದ ಮೇಲೆ ಮಣೆ ಹಾಕಿ, ಬನಶಂಕರಿಯ ಪಟದ ಪಕ್ಕದಲ್ಲಿ ನಿಲ್ಲಿಸಿದರು. ಮಣೆಯ ಹಿಂದೆಯೇ ಹೀಟರಿನ ಬಿಸಿಗಾಳಿ ಬರುವ ಜಾಲರಿಯಿತ್ತು. ‘ಪಾಪ, ಇಷ್ಟು ವರ್ಷ ಚಳಿಯಲ್ಲೇ ನಿಂತಿದ್ದಳು’ ಎನ್ನಿಸಿ ಅವರಿಗೆ ಸಮಾಧಾನವೇ ಆಯಿತು.

ಬಿಸಿಗಾಳಿ ಒಂದು ತಿಂಗಳು ಹಗಲೂ ರಾತ್ರಿ ಬೀಸಿತು. ಫೆಬ್ರವರಿಯ ಒಂದು ಸಂಜೆ ದೀಪ ಹಚ್ಚುತ್ತಿದ್ದಾಗ ‘ಟಪ್’ ಎಂದು ಸದ್ದಾಯಿತು. ಭುಜದಿಂದ ಸೊಂಟದವರೆಗೆ ಮರ ಸೀಳಿತ್ತು. ಬಿಲ್ಲು ಹಿಡಿದ ಬಲಗೈ ಮಣೆಯ ಮೇಲೆ ಬಿದ್ದಿತ್ತು.

ಅದೇ ವಾರ ಆಸ್ಪತ್ರೆಯಲ್ಲಿ ಹಿಲ್ಡಾರಿಗೆ ನ್ಯುಮೋನಿಯಾ ಆಗಿತ್ತು. ರೇಣುಕಾದೇವಿ ನೋಡಲು ಹೋದರೆ ಗುರುತು ಹಿಡಿಯಲಿಲ್ಲ, ಜರ್ಮನ್ ಭಾಷೆಯಲ್ಲಿ ಯಾರನ್ನೋ ಕರೆಯುತ್ತಿದ್ದರು. ಮನೆಗೆ ಬಂದು ದೇವರ ಮನೆಯ ಮುಂದೆ ಕೂತರೆ ಕೈಯಿಲ್ಲದ ಮೂರ್ತಿ ಎದುರಿಗೆ.

“ಇದನ್ನ ಮನೇಲಿಟ್ಕೊಂಡು ನಾನು ದೀಪ ಹಚ್ತಾ ಇದೀನಿ,” ಎಂದರು ಗಂಡನಿಗೆ. “ಮೂರ್ತಿ ಅವರದು. ಅದಕ್ಕೇ ಅವರಿಗೆ ಹಿಂಗಾಗ್ತಿದೆ.”

“ಮೂಳೆ ಮುರಿದದ್ದು ಜನವರೀಲಿ, ಕೈ ಮುರಿದದ್ದು ಈಗ. ನಿನ್ನ ಲೆಕ್ಕ ಹಿಂದುಮುಂದಾಯ್ತಲ್ಲೇ,” ಎಂದರು ಮುರಳೀಧರ. ಅವರು ಬಾಲ್ಟಿಮೋರಿನ ಕಚೇರಿಯೊಂದರಲ್ಲಿ ಸೇತುವೆಗಳ ನಕ್ಷೆ ಬರೆಯುವವರು, ಅಳತೆ ತಪ್ಪಿದರೆ ಸಹಿಸುತ್ತಿರಲಿಲ್ಲ. “ಅವರನ್ನೇ ಕೇಳು, ಹುಷಾರಾದ ಮೇಲೆ.”

“ಹುಷಾರಾಗಬೇಕಲ್ಲ. ಅದಕ್ಕೇ ಅಲ್ವಾ ನಾನು ಯೋಚನೆ ಮಾಡ್ತಿರೋದು.”

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅವರು ನದಿಗೆ ಹೋದರು. ಹಿಮ ಕರಗಿ ನೀರು ಕಂದುಬಣ್ಣಕ್ಕೆ ತಿರುಗಿ ದಡ ಮುಟ್ಟುತ್ತಿತ್ತು. ಮೂರ್ತಿಯನ್ನೂ ಮುರಿದ ಕೈಯನ್ನೂ ಹೊಸ ಹಸಿರು ರವಿಕೆ ಕಣದಲ್ಲಿ ಒಟ್ಟಿಗೆ ಕಟ್ಟಿದ್ದರು. ಅರಿಶಿನ, ಕುಂಕುಮ, ನಾಯಿಗೂ ಒಂದು ಬೊಟ್ಟು. ಮೊಸರನ್ನಕ್ಕೆ ಅಂದು ಒಗ್ಗರಣೆಯನ್ನೂ ಹಾಕಿದ್ದರು. ನೀರಿಗೆ ಬಿಟ್ಟರೆ ಅವಳು ಮುಳುಗಲಿಲ್ಲ. ದಡದ ಹತ್ತಿರವೇ ಎರಡು ಸುತ್ತು ತಿರುಗಿ ಮತ್ತೆ ಕಾಲ ಬಳಿಗೆ ಬಂದಳು. ರೇಣುಕಾದೇವಿ ಒಂದು ಕೋಲು ಹುಡುಕಿ ನಡುನೀರಿಗೆ ತಳ್ಳಿದರು. “ಹೋಗಿ ಬಾರಮ್ಮ. ಅವರನ್ನ ಉಳಿಸಿಕೊಡು,” ಎಂದರು.

ಭಾನುವಾರ ಹಿಲ್ಡಾರ ಜ್ವರ ಇಳಿಯಿತು. ಮಂಗಳವಾರ ಅವರು ಎದ್ದು ಕೂತು, ಆಸ್ಪತ್ರೆಯ ಕಾಫಿ ಪಾತ್ರೆ ತೊಳೆದ ನೀರಿನ ಹಾಗಿದೆ ಎಂದು ದೂರಿದರು. ರೇಣುಕಾದೇವಿ ಮನೆಗೆ ಬಂದು ತುಪ್ಪದ ದೀಪ ಹಚ್ಚಿದರು. ಗಂಡನ ಕಡೆ ಒಮ್ಮೆ ನೋಡಿದರು.

ಸಂತೋಷ ಒಂದು ವಾರ ಇತ್ತು. ಆಮೇಲೆ, ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ, ಹಿಲ್ಡಾ ಮನೆಗೆ ಬಂದು ಮೊದಲು ಏನು ಕೇಳುತ್ತಾರೆ ಎಂಬುದು ಹೊಳೆಯಿತು. ಸೂಜಿ ನಿಂತಿತು. ತಾವು ಕಳಿಸಿಕೊಟ್ಟದ್ದು ತಮ್ಮದಲ್ಲ ಎಂಬ ಮಾತು, ಅಷ್ಟು ನೇರವಾಗಿ, ಅಲ್ಲಿಯವರೆಗೆ ಅವರ ತಲೆಗೆ ಬಂದೇ ಇರಲಿಲ್ಲ. ಉಳಿದವರೆಲ್ಲ ನೀರಿಗೆ ಬಿಡಲೆಂದೇ ತಂದುಕೊಟ್ಟವರು. ಹಿಲ್ಡಾ ಕೊಟ್ಟದ್ದು ಕಾಪಾಡಲಿಕ್ಕೆ.

ಏಪ್ರಿಲಿನಲ್ಲಿ ಹಿಲ್ಡಾ ವಾಕರ್ ಹಿಡಿದು ಮನೆಗೆ ಬಂದರು. ರೇಣುಕಾದೇವಿ ಮನೆಯೆಲ್ಲ ಗುಡಿಸಿ ಒರೆಸಿ, ಫ್ರಿಜ್ಜಿನಲ್ಲಿ ಹಾಲು ಮೊಟ್ಟೆ ತುಂಬಿಸಿ, ಕಿಟಕಿಕಟ್ಟೆಯ ಮೇಲೆ ಡ್ಯಾಫಡಿಲ್ ಹೂವಿನ ಲೋಟ ಇಟ್ಟಿದ್ದರು. ಹಿಲ್ಡಾ ಕೋಟು ಬಿಚ್ಚುವ ಮೊದಲೇ ಪೋರ್ಚಿಗೆ ಹೋದರು, ಹೂವು ನೋಡಿದರು, ಹಿಂದಿರುಗಿದರು.

“ಅವಳೆಲ್ಲಿ?”

ರೇಣುಕಾದೇವಿ ಹೇಳಿದರು. ಒಂದು ಸುಳ್ಳನ್ನೂ ಸೇರಿಸಲಿಲ್ಲ. ಪೋರ್ಚಿನಲ್ಲಿ ಇಡದೆ ಒಳಗಿಟ್ಟದ್ದು, ಬಿಸಿಗಾಳಿ, ಕೈ ಬಿದ್ದದ್ದು, ಜ್ವರ, ನದಿ. ಕೋಲಿನಿಂದ ತಳ್ಳಿದ್ದನ್ನೂ ಹೇಳಿದರು. ಹಿಲ್ಡಾ ಕುರ್ಚಿಯ ಬೆನ್ನು ಹಿಡಿದು ನಿಂತೇ ಕೇಳಿದರು.

“ನೀನು ದಿನಾ ಏನು ಕೆಲಸ ಮಾಡ್ತೀಯ?” ಎಂದರು ಕೊನೆಗೆ.

“ಹೊಲಿಗೆ.”

“ಯಾರದೋ ಕಿತ್ತುಹೋದ ಜಿಪ್ ಸರಿಮಾಡ್ತೀಯ. ಹರಿದ ಜೇಬು ಹೊಲೀತೀಯ. ಒಂದು ಕೈಗೆ ಅಂಟು ಹಚ್ಚಬಹುದು ಅಂತ ನಿನಗೆ ಅನ್ನಿಸಲಿಲ್ಲ. ನಮ್ಮಪ್ಪ ಆಗಿದ್ರೆ ಅರ್ಧ ಗಂಟೆಯ ಕೆಲಸ ಅದು.”

“ನಮ್ಮಲ್ಲಿ ಮುರಿದ ದೇವರನ್ನ...”

“ಅವಳು ನಿಮ್ಮವಳಲ್ಲ,” ಎಂದರು ಹಿಲ್ಡಾ. ದನಿ ಏರಿರಲಿಲ್ಲ. “ನನಗೆ ಸುಸ್ತಾಗಿದೆ. ನೀನು ಹೋಗು.”

ಮುಂದಿನ ಶನಿವಾರ ಬೇಲಿಯಾಚೆಯ ಪರದೆ ತೆರೆಯಲಿಲ್ಲ. ರೇಣುಕಾದೇವಿ ಬಿಸಿಬೇಳೆಭಾತ್ ಮಾಡಿ ಡಬ್ಬಿಯನ್ನು ಮೆಟ್ಟಿಲ ಮೇಲೆ ಇಟ್ಟು ಬಂದರು. ಮರುದಿನ ಅದು ಅಲ್ಲೇ ಇತ್ತು, ಮುಚ್ಚಳ ಬಿದ್ದಿತ್ತು, ಅಳಿಲು ಗೋಡಂಬಿಯನ್ನಷ್ಟೇ ಆರಿಸಿ ತಿಂದಿತ್ತು. ಡಬ್ಬಿ ತಂದು ತೊಳೆಯುತ್ತಾ ಸಿಂಕಿನ ಮುಂದೆ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ನಿಂತಿದ್ದರು.

“ಮರ ತೇಲುತ್ತೆ ಕಣೇ,” ಎಂದರು ಮುರಳೀಧರ ಹಿಂದಿನಿಂದ ಬಂದು, ನಲ್ಲಿ ನಿಲ್ಲಿಸುತ್ತಾ. “ಪಾರ್ಕೊಳಗೆ ಹಳೇ ಡ್ಯಾಮಿದೆ. ಅಲ್ಲಿ ತಡೆದು ನಿಂತಿರಬಹುದು. ಬೂಟ್ ಹಾಕ್ಕೋ.”

ಇಷ್ಟು ವರ್ಷದಲ್ಲಿ ರೇಣುಕಾದೇವಿ ನದಿಯ ತಿರುವಿನಿಂದಾಚೆಗೆ ಹೋಗಿರಲಿಲ್ಲ. ಹೋಗಬೇಕೆಂದೂ ಅನ್ನಿಸಿರಲಿಲ್ಲ. ಕಳಿಸಿಕೊಟ್ಟ ಮೇಲೆ ಹಿಂಬಾಲಿಸಿ ನೋಡುವುದು ಎಲ್ಲಿಯ ಪದ್ಧತಿ? ಅಣೆಕಟ್ಟೆಯ ಒಂದು ಮೂಲೆಯಲ್ಲಿ ಚಳಿಗಾಲದ ಪ್ರವಾಹ ತಂದು ಹಾಕಿದ ಕೊಂಬೆಗಳ ರಾಶಿಯಿತ್ತು. ಅದರ ನಡುವೆ ಟೈರುಗಳು, ಬಿಯರ್ ಬಾಟಲಿಗಳು, ಒಂದು ಮಗುವಿನ ಸೈಕಲ್ಲು. ಮತ್ತೆ, ಅವರೇ ಕಳಿಸಿಕೊಟ್ಟ ದೇವರುಗಳು. ಬಣ್ಣ ಹೋದ ಲಕ್ಷ್ಮಿಯ ಪಟದ ಚೌಕಟ್ಟು. ತಳ ಮೇಲಾಗಿ ಸಿಕ್ಕಿಕೊಂಡ ಗೊಂಬೆ ಕೃಷ್ಣ. ಸುವಾನಿಯಿಂದ ಹನ್ನೊಂದು ಗಂಟೆ ಬಂದಿದ್ದ ಸರಸ್ವತಿಯ ವೀಣೆ ಮಾತ್ರ. ಅವರದೇ ಕಾಗದದ ತಟ್ಟೆಗಳು, ಒಂದರ ಮೇಲೊಂದು ಅಂಟಿಕೊಂಡು.

ಅವರು ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟರು. ಸಮುದ್ರ ಸೇರಿರುತ್ತಾರೆ ಎಂದುಕೊಂಡಿದ್ದರು. ಎರಡು ಮೈಲಿಯೂ ಹೋಗಿರಲಿಲ್ಲ.

ಅಬ್ನೋಬಾ ಅಲ್ಲಿ ಇರಲಿಲ್ಲ. ಮುಂದಿನ ಭಾನುವಾರವೂ ಸಿಗಲಿಲ್ಲ. ಆದರೆ ಬರಿಗೈಯಲ್ಲಿ ಬರಲು ಅವರಿಗೆ ಆಗಲಿಲ್ಲ, ಸಿಕ್ಕವರನ್ನೆಲ್ಲ ಚೀಲಗಳಲ್ಲಿ ತುಂಬಿ ತಂದು ಮನೆಯ ಮುಂದಿನ ಡ್ರೈವ್‌ವೇಯಲ್ಲಿ ಸಾಲಾಗಿ ಇಟ್ಟು ಪೈಪಿನ ನೀರಿನಲ್ಲಿ ತೊಳೆದರು. ಊರ್ಮಿಳಾ ಹಳೆಯ ಹಲ್ಲುಜ್ಜುವ ಬ್ರಷ್ ತಂದು ಪಕ್ಕದಲ್ಲಿ ಕೂತಳು. ತಾನು ಮೊದಲೇ ಹೇಳಿದ್ದೆ ಎನ್ನಲಿಲ್ಲ. ಶ್ರೀಲತಾ ಫೋನ್ ಮಾಡಿ, “ಆಂಟಿ, ಒಂದು ಬಾಕ್ಸ್ ಡ್ರಾಪ್ ಮಾಡ್ಲಾ?” ಎಂದಾಗ, “ಸ್ವಲ್ಪ ದಿನ ಬೇಡಮ್ಮ. ಕಳಿಸಿದವರೆಲ್ಲ ವಾಪಸ್ ಬರ್ತಿದಾರೆ,” ಎಂದರು. ಶ್ರೀಲತಾಗೆ ಅರ್ಥವಾಗಲಿಲ್ಲ. “ಆರ್ ಯು ಓಕೆ ಆಂಟಿ?” ಎಂದು ಎರಡು ಸಲ ಕೇಳಿದಳು.

ಮೂರನೆಯ ಭಾನುವಾರ ತೊಳೆಯುತ್ತಿದ್ದಾಗ ಹಿಂದೆ ವಾಕರಿನ ಸದ್ದು ಕೇಳಿಸಿತು. ಹಿಲ್ಡಾ ಬೇಲಿ ಸುತ್ತಿ, ರಸ್ತೆಯ ಕಡೆಯಿಂದ ಬಂದು ನಿಂತಿದ್ದರು. ಹಸಿರು ಕೋಟು ಹಾಕಿದ್ದರು.

“ಇವರೆಲ್ಲ ಯಾರು?”

“ನಾನು ಕಳಿಸಿದವರು.”

“ಅವಳು?”

“ಸಿಕ್ಕಿಲ್ಲ.”

ಹಿಲ್ಡಾ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. “ಮುಂದಿನ ವಾರ ನನ್ನನ್ನೂ ಕರ್ಕೊಂಡು ಹೋಗು,” ಎಂದು ಹೇಳಿ ನಿಧಾನವಾಗಿ ತಿರುಗಿದರು.

ಮುಂದಿನ ಭಾನುವಾರ ಇಬ್ಬರೇ ಹೋದರು. ಮೇ ತಿಂಗಳು, ಮರಗಳೆಲ್ಲ ಒಂದೇ ವಾರದಲ್ಲಿ ಎಲೆ ಬಿಟ್ಟಿದ್ದವು. ಕಾರನ್ನು ನೀರು ಕಾಣುವಂತೆ ನಿಲ್ಲಿಸಿ, ಹಿಲ್ಡಾರ ಕಡೆಯ ಬಾಗಿಲು ತೆರೆದಿಟ್ಟು, ರೇಣುಕಾದೇವಿ ಬೂಟು ಹಾಕಿಕೊಂಡು ಕೊಂಬೆಗಳ ರಾಶಿಗೆ ಇಳಿದರು. ಒಂದು ಗಂಟೆ ಹುಡುಕಿದರು. ಹಸಿರು ಬಟ್ಟೆಯ ಒಂದು ಎಳೆ ಕಂಡಂತಾಗಿ ಮೊಣಕಾಲವರೆಗೆ ನೀರಿಗೆ ಹೋದರು, ಅದು ಪಾಚಿ. ಕೊನೆಗೆ ಸಿಕ್ಕಿದ್ದು ಒಂದು ಗೇಣುದ್ದದ ಮರದ ಗಣಪ. ಸೊಂಡಿಲು ಅರ್ಧಕ್ಕೆ ಹೋಗಿತ್ತು, ಹೊಟ್ಟೆಯ ಮೇಲೆ ಕೆಸರು ಮೆತ್ತಿತ್ತು. ಅವನನ್ನು ಹಿಡಿದು ಮೇಲೆ ಬಂದರು.

“ಅವಳು ಇಲ್ಲ,” ಎಂದರು. “ಇನ್ನು ಸಿಗೋದೂ ಇಲ್ಲ ಅನ್ನಿಸುತ್ತೆ. ನೀರು ಅಷ್ಟು ಜಾಸ್ತಿ ಇತ್ತು ಆವತ್ತು, ಕಟ್ಟೆ ದಾಟಿ ಹೋಗಿದಾಳೆ.” ಆಮೇಲೆ, ಎರಡು ತಿಂಗಳಿಂದ ಇಟ್ಟುಕೊಂಡಿದ್ದ ಮಾತನ್ನು ಹೇಳಿದರು. “ನಿಮ್ಮದನ್ನ ನಿಮ್ಮನ್ನ ಕೇಳದೆ ಕೊಟ್ಟುಬಿಟ್ಟೆ. ನೀವು ಸಾಯ್ತೀರಿ ಅಂತ ಹೆದರಿಕೆ ಆಯ್ತು ನನಗೆ. ಬೇರೆ ಏನು ಮಾಡಬೇಕು ಅಂತ ಗೊತ್ತಾಗ್ಲಿಲ್ಲ.”

ಹಿಲ್ಡಾ ನೀರಿನ ಕಡೆಯೇ ನೋಡುತ್ತಿದ್ದರು. ಆಚೆ ದಡದಲ್ಲಿ ಗೂಡ್ಸ್ ರೈಲು ಹಾದುಹೋಯಿತು.

“ಅವಳ ಜೊತೆ ಏನಾದರೂ ಕಳಿಸಿದೆಯಾ?” ಎಂದರು ಹಿಲ್ಡಾ. “ನಿನ್ನ ಮಗಳು ಹೇಳಿದಳು, ಊಟ ಕಟ್ಟಿ ಕಳಿಸ್ತೀಯಂತೆ.”

“ಮೊಸರನ್ನ.”

“ಅಂದರೆ?”

“ಅನ್ನಕ್ಕೆ ಮೊಸರು ಕಲಸೋದು. ದಾರಿಗೆ. ಹೊಟ್ಟೆಗೆ ತಂಪು.”

ಹಿಲ್ಡಾರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡು ರೇಣುಕಾದೇವಿ ಹತ್ತಿರ ಹೋದರು. ಅಳುವೂ ಇತ್ತು, ಆದರೆ ನಗುವೇ ಹೆಚ್ಚಾಗಿತ್ತು. “ಜಿಂಕೆ ಹೊಡೆದು ತಿನ್ನೋಳು ಅವಳು,” ಎಂದರು ಹಿಲ್ಡಾ ಕಣ್ಣೊರೆಸಿಕೊಳ್ಳುತ್ತಾ. “ಸಾವಿರದೈನೂರು ವರ್ಷ ಆದಮೇಲೆ ಒಬ್ಬಳು ಊಟ ಕೊಟ್ಟಳು. ಅದೂ ಮೊಸರು.”

“ಒಗ್ಗರಣೆ ಹಾಕಿದ್ದೆ,” ಎಂದರು ರೇಣುಕಾದೇವಿ.

ಹಿಲ್ಡಾ ಕೈ ಚಾಚಿ ಗಣಪನನ್ನು ಕೇಳಿದರು. ತೊಡೆಯ ಮೇಲೆ ಇಟ್ಟುಕೊಂಡು ಕರ್ಚೀಫಿನಿಂದ ಕಣ್ಣಿನ ಗುಳಿಯ ಕೆಸರು ತೆಗೆದರು. ಮರದ ಎಳೆ ಯಾವ ಕಡೆಗಿದೆ ಎಂದು ಉಗುರಿನಿಂದ ಸವರಿ ನೋಡಿದರು, ಮುರಿದ ಸೊಂಡಿಲಿನ ಮೇಲೆ ಬೆರಳಿಟ್ಟರು.

“ಇವನು ಯಾರ ಮನೆಯವನು?”

“ನೆನಪಿಲ್ಲ. ತುಂಬ ಜನ ಕೊಟ್ಟಿದಾರೆ.”

“ವಾಪಸ್ ತಗೋತಾರಾ?”

“ಇಲ್ಲ. ಯಾರೂ ತಗೊಳ್ಳಲ್ಲ.”

“ಹಾಗಾದರೆ ನನ್ನ ಕಿಟಕೀಲಿ ಇರಲಿ. ಸೊಂಡಿಲು ನಾನು ಮಾಡ್ತೀನಿ, ಅಪ್ಪನ ಉಳಿಗಳು ನೆಲಮಾಳಿಗೆಯಲ್ಲಿವೆ. ಎಷ್ಟು ಉದ್ದ ಬೇಕು, ಯಾವ ಕಡೆ ತಿರುಗಬೇಕು, ಅದನ್ನ ನೀನು ಕೂತು ಹೇಳಬೇಕು. ಶನಿವಾರ ಬಾ.”

ಭಿನ್ನವಾದದ್ದು ಮನೆಯಲ್ಲಿರಬಾರದು ಎಂಬ ಮಾತು ರೇಣುಕಾದೇವಿಯ ನಾಲಿಗೆಯ ತುದಿಗೆ ಬಂತು. ಅವರು ಹಿಲ್ಡಾರ ಕಡೆಯ ಬಾಗಿಲು ಹಾಕಿ, ಸುತ್ತಿ ಬಂದು, ಒದ್ದೆ ಬೂಟಿನಲ್ಲೇ ಚಾಲಕನ ಸೀಟಿನಲ್ಲಿ ಕೂತರು.

“ಎಡಕ್ಕೆ,” ಎಂದರು. “ಸೊಂಡಿಲು ಎಡಕ್ಕೆ ತಿರುಗಿರಬೇಕು.”

ಹಿಲ್ಡಾ ತಲೆಯಾಡಿಸಿ, ಸೀಟ್ ಬೆಲ್ಟನ್ನು ಎಳೆದು ಗಣಪನನ್ನೂ ಸೇರಿಸಿ ಹಾಕಿಕೊಂಡರು.